ಬಾಡಿಗೆ ಮನೆ, ಒಂದು ಗಂಡುಬೆಕ್ಕು, ಮಳೆಗಾಲದ ಘಾಟು: ಯಾವ ಲಿಟರ್ ಹಾಕಬೇಕು?

ಹೇಮಾವತಿ ದಡ, ಹಾಸನ
ಜೂನ್ 16

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ನಾನು, ನಮ್ಮ ಯಜಮಾನರು ಮತ್ತು ಹತ್ತು ತಿಂಗಳ ಗಂಡುಬೆಕ್ಕು ಕೆಂಚ ಇದ್ದೇವೆ. ಕೆಂಚನನ್ನು ಆಲೂರಿನ ನನ್ನ ತವರುಮನೆಯ ಕೊಟ್ಟಿಗೆಯಿಂದ ತಂದದ್ದು. ಅಲ್ಲಿ ಅವನ ತಾಯಿಗೆ ಹಿತ್ತಿಲಿನ ಸಡಿಲ ಮಣ್ಣೇ ಸಾಕಾಗಿತ್ತು. ಕೆದರಿ, ಕುಳಿತು, ಮುಚ್ಚಿ ಬಂದರೆ ಯಾರ ಮೂಗಿಗೂ ಸುದ್ದಿ ಮುಟ್ಟುತ್ತಿರಲಿಲ್ಲ. ಇಲ್ಲಿ ಬಚ್ಚಲಿನ ಮೂಲೆಯಲ್ಲಿ ಇಟ್ಟಿರುವ ಒಂದು ಪ್ಲಾಸ್ಟಿಕ್ ಡಬ್ಬವೇ ಅವನ ಹಿತ್ತಿಲು, ಅದರೊಳಗೆ ಮಲಮೂತ್ರ ಹೀರಲು ಹಾಕುವ ಲಿಟರ್ ಎಂಬ ಪದಾರ್ಥವೇ ಅವನ ಮಣ್ಣು.

ಬೇಸಿಗೆ ಹೇಗೋ ಕಳೆಯಿತು. ಮಳೆ ಹಿಡಿದು ಕಿಟಕಿಗಳನ್ನು ಮುಚ್ಚಿದ ಮೇಲೆ, ಸಂಜೆ ಕೆಲಸದಿಂದ ಬಂದು ಬೀಗ ತೆಗೆದರೆ ಕಣ್ಣು ಉರಿಯುವಷ್ಟು ಘಾಟು. ಕಳೆದ ಭಾನುವಾರ ಬಾಡಿಗೆಗೆಂದು ಬಂದ ಮನೆಯ ಮಾಲೀಕರು ಹೊಸ್ತಿಲಲ್ಲೇ ನಿಂತು, "ಏನಮ್ಮಾ, ಒಳಗೆ ಏನಾದರೂ ಸತ್ತಿದೆಯಾ?" ಎಂದು ಕೇಳಿದರು. ಕೋಪದಿಂದ ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಅವರು ನಿಜವಾಗಿಯೂ ಕಳವಳದಿಂದ ಕೇಳಿದರು.

ಈಗ ಬಳಸುತ್ತಿರುವುದು ಲ್ಯಾವೆಂಡರ್ ಪರಿಮಳದ ಜೇಡಿಯ ಹರಳು. ಅದು ಉಂಡೆಗಟ್ಟುವುದಿಲ್ಲ. ದಿನವೂ ಮಲವನ್ನು ಮಾತ್ರ ಎತ್ತಿ ಹಾಕಿ, ಭಾನುವಾರ ಎಲ್ಲವನ್ನೂ ಚೆಲ್ಲಿ, ಡಬ್ಬವನ್ನು ಫಿನಾಯಿಲ್ ಹಾಕಿ ಉಜ್ಜಿ ತೊಳೆಯುತ್ತೇನೆ. ವಾಸನೆ ಹೊರಗೆ ಬರಬಾರದೆಂದು ಮುಚ್ಚಳವಿರುವ ಡಬ್ಬವನ್ನೇ ಕೊಂಡಿದ್ದೇನೆ. ಇಷ್ಟೆಲ್ಲ ಮಾಡಿದರೂ ಹದಿನೈದು ದಿನಗಳಿಂದ ಕೆಂಚ ಡಬ್ಬವನ್ನು ಬಿಟ್ಟು ನಡುಮನೆಯ ಜಮಖಾನೆಯ ಮೇಲೆ ಮೂತ್ರ ಮಾಡುತ್ತಿದ್ದಾನೆ. ಯಾವ ಲಿಟರ್ ಕೊಳ್ಳಬೇಕು, ಎಲ್ಲಿ ತಪ್ಪುತ್ತಿದ್ದೇನೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರಿಕೆ.


ಮುಳ್ಳಯ್ಯನ ನೆರಳು, ಚಿಕ್ಕಮಗಳೂರು
ಜೂನ್ 16

ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ, ನಾಲ್ಕು ಟ್ರೇಗಳಿವೆ, ಮತ್ತು ವಾಸನೆಯ ಬಗ್ಗೆ ನೆಂಟರಿಂದ ಮಾತು ಕೇಳಿದ ಅನುಭವ ನನಗೂ ಇದೆ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ನೀವು ಮಲವನ್ನು ದಿನವೂ ಎತ್ತುತ್ತೀರಿ, ಮೂತ್ರವನ್ನು ವಾರಕ್ಕೊಮ್ಮೆ ಎತ್ತುತ್ತೀರಿ. ಘಾಟು ಬರುತ್ತಿರುವುದು ಆ ವಾರದ ಮೂತ್ರದಿಂದ. ಬೆಕ್ಕಿನ ಪೂರ್ವಜರು ಒಣಭೂಮಿಯ ಕಾಡುಬೆಕ್ಕುಗಳು. ಸಿಕ್ಕ ಅಲ್ಪ ನೀರನ್ನು ಮೈಯಲ್ಲೇ ಉಳಿಸಿಕೊಂಡು ಬಹಳ ಗಾಢವಾದ ಮೂತ್ರವನ್ನು ಹೊರಹಾಕುವ ಶರೀರ ಅವುಗಳದು. ಆ ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ನಿಮ್ಮ ಕಣ್ಣು ಉರಿಸಿದ್ದು ಅದೇ. ಈ ಕೆಲಸಕ್ಕೆ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ತೇವ ಮತ್ತು ಸಮಯ. ಉಂಡೆಗಟ್ಟದ ಜೇಡಿಯಲ್ಲಿ ಎರಡೂ ಧಾರಾಳವಾಗಿ ಸಿಗುತ್ತವೆ, ಏಕೆಂದರೆ ಹರಳು ಹೀರಿ ಮಿಕ್ಕ ಮೂತ್ರವೆಲ್ಲ ಕೆಳಗಿಳಿದು ಡಬ್ಬದ ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಮೇಲಿನ ಪದರ ಒಣಗಿ ಕಾಣುತ್ತಿರುವುದರಿಂದ ನಮಗೆ ಅದು ತಿಳಿಯುವುದೂ ಇಲ್ಲ.

ಉಂಡೆಗಟ್ಟುವ ಲಿಟರ್ ಬೆಂಟೊನೈಟ್ ಜೇಡಿಯಿಂದ ಮಾಡಿದ್ದು. ಕಚ್ಛ್ ಮತ್ತು ಬಾಡ್‌ಮೇರ್ ಕಡೆ ನೆಲದಿಂದ ಅಗೆಯುವ ಈ ಜೇಡಿಯ ಪದರಗಳ ನಡುವೆ ನೀರು ನುಗ್ಗಿದಾಗ ಅದು ಉಬ್ಬಿ, ಅಂಟಿಕೊಂಡು, ಗಟ್ಟಿಯಾಗುತ್ತದೆ. ಒಳ್ಳೆಯ ಮಾಲಿನಲ್ಲಿ ಮೂತ್ರ ಬಿದ್ದ ಜಾಗವು ಕಾಲು ಗಂಟೆಯಲ್ಲಿ ಅಂಗೈಯಗಲದ ಒಂದು ಬಿಲ್ಲೆಯಾಗಿರುತ್ತದೆ. ಬೂಂದಿ ತೆಗೆಯುವ ಜಾಲರಿ ಸಟ್ಟುಗದಂತಹ ಸ್ಕೂಪಿನಿಂದ ಅಡಿಗೆ ಕೈಹಾಕಿ ಎತ್ತಿದರೆ ಇಡಿಯಾಗಿ ಬರುತ್ತದೆ, ಸುತ್ತಲಿನ ಒಣ ಮರಳು ಜಾಲರಿಯಿಂದ ಜಾರಿ ಕೆಳಗೆ ಬೀಳುತ್ತದೆ. ಕೆಟ್ಟ ಮಾಲಾದರೆ ಎತ್ತುವಾಗಲೇ ಮುರಿದು, ಒದ್ದೆ ಚೂರುಗಳು ಒಳಗೇ ಉಳಿದು ನಾಳೆಯ ವಾಸನೆಗೆ ಹೆಪ್ಪಾಗುತ್ತವೆ. ಹೊಸ ಚೀಲ ತಂದಾಗ ನಾನು ಅರ್ಧ ಬಟ್ಟಲಿಗೆ ಒಂದು ಚಮಚ ನೀರು ಹಾಕಿ, ಕಾಲು ಗಂಟೆ ಬಿಟ್ಟು, ಉಂಡೆಯನ್ನು ಮೊಣಕಾಲೆತ್ತರದಿಂದ ನೆಲಕ್ಕೆ ಬಿಡುತ್ತೇನೆ. ಒಡೆದುಹೋದರೆ ಆ ಮಾಲನ್ನು ಮತ್ತೆ ತರುವುದಿಲ್ಲ.

ಎರಡರಿಂದ ಮೂರು ಅಂಗುಲ ದಪ್ಪಕ್ಕೆ ಹಾಕಿ. ಜಿಪುಣತನ ಮಾಡಿ ಒಂದೇ ಅಂಗುಲ ಹಾಕಿದರೆ ಉಂಡೆ ತಳಕ್ಕೆ ಅಂಟಿ, ಕೆರೆದು ತೆಗೆಯುವಷ್ಟರಲ್ಲಿ ಮುರಿಯುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಎತ್ತಿ, ಎತ್ತಿದಷ್ಟನ್ನು ಹೊಸದಾಗಿ ಸೇರಿಸಿ.

ಇನ್ನು ಪರಿಮಳ. ಲ್ಯಾವೆಂಡರ್ ನಮಗಾಗಿ ಹಾಕಿದ್ದು, ಬೆಕ್ಕಿಗಾಗಿ ಅಲ್ಲ. ಅದರ ಮೂಗು ನಮ್ಮ ಮೂಗಿಗಿಂತ ಎಷ್ಟೋ ಪಾಲು ಚುರುಕು. ಪರಿಮಳ, ಫಿನಾಯಿಲ್ ಮತ್ತು ಅಮೋನಿಯಾ ಮೂರೂ ಸೇರಿ ಮುಚ್ಚಳದ ಕೆಳಗೆ ನಿಂತಿರುವಾಗ ಅದರೊಳಗೆ ತಲೆಹಾಕಲು ನಿಮಗಾದರೂ ಮನಸ್ಸಾಗುತ್ತದೆಯೇ? ಮುಚ್ಚಳ ತೆಗೆದುಬಿಡಿ. ಟ್ರೇ ಬೆಕ್ಕಿನ ಮೂತಿಯಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಇರಬೇಕು. ಅಂಗಡಿಯ ಟ್ರೇಗಳು ಹೆಚ್ಚಾಗಿ ಚಿಕ್ಕವು. ನಾನು ಗಾರೆ ಕೆಲಸದವರು ಬಳಸುವ ಅಗಲವಾದ ಪ್ಲಾಸ್ಟಿಕ್ ಬಾಂಡ್ಲಿಗಳನ್ನು ಹಾರ್ಡ್‌ವೇರ್ ಅಂಗಡಿಯಿಂದ ತಂದಿದ್ದೇನೆ. ಸಾಧ್ಯವಾದರೆ ಎರಡು ಇಡಿ. ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚು ಎಂಬುದು ಸಾಕುವವರ ಲೆಕ್ಕ.


ಬಿಸಿಲೆ ಕಾಡಂಚು, ಸಕಲೇಶಪುರ
ಜೂನ್ 17

ಕಚ್ಛ್‌ನಿಂದ ಮಣ್ಣು ತರಿಸಿ ಬೆಕ್ಕಿನ ಕಾಲಡಿಗೆ ಹಾಕುವ ಕಾಲ ಬಂದದ್ದಕ್ಕೆ ಸಂತೋಷ. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಬೆಕ್ಕುಗಳಿವೆ. ಸಾಮಿಲ್ಲಿನಿಂದ ಸಿಲ್ವರ್ ಓಕ್ ಮರದ ಹೊಟ್ಟನ್ನು ಒಂದು ಗೋಣಿಚೀಲ ತುಂಬಿಸಿಕೊಂಡು ಬರುತ್ತೇವೆ, ಅದರ ಮೇಲೆ ಬಚ್ಚಲೊಲೆಯ ಬೂದಿಯನ್ನು ದಿನವೂ ಉದುರಿಸುತ್ತೇವೆ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಬೂದಿಗಿಂತ ದೊಡ್ಡ ದುರ್ಗಂಧನಾಶಕ ಇಲ್ಲವೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಮಳೆಗಾಲದಲ್ಲಿ ಸ್ವಲ್ಪ ವಾಸನೆ ಬರುವುದು ನಿಜ, ಆದರೆ ಮಳೆಗಾಲದಲ್ಲಿ ಮಲೆನಾಡಿನ ಯಾವ ವಸ್ತು ವಾಸನೆ ಬರುವುದಿಲ್ಲ ಹೇಳಿ?


ರಸಾಯನ ಮೇಷ್ಟ್ರು, ಹಾಸನ
ಜೂನ್ 17

ಬಿಸಿಲೆಯವರೇ, ಬೂದಿಯ ವಿಷಯದಲ್ಲಿ ನಿಮ್ಮ ಅಜ್ಜಿಯವರ ಮಾತು ಅರ್ಧ ನಿಜ, ಆ ಅರ್ಧ ಬೇಸಿಗೆಗೆ ಸೇರಿದ್ದು. ಒಣಗಿದ ಬೂದಿಯನ್ನು ಹಸಿ ಮೂತ್ರದ ಮೇಲೆ ಧಾರಾಳವಾಗಿ ಸುರಿದರೆ ಅದು ತೇವವನ್ನು ಹೀರುತ್ತದೆ, ಅದರ ತೀಕ್ಷ್ಣವಾದ ಕ್ಷಾರಗುಣದಿಂದ ಯೂರಿಯೇಸ್ ಕಿಣ್ವವೂ ಕೆಲಸ ನಿಲ್ಲಿಸುತ್ತದೆ. ಆದರೆ ನಿನ್ನೆ ಮೊನ್ನೆಯ ಮೂತ್ರ ಈಗಾಗಲೇ ಕೊಳೆತಿರುವ ಹೊಟ್ಟಿನ ಮೇಲೆ ಒಂದು ಹಿಡಿ ಬೂದಿ ಉದುರಿಸಿದರೆ ನಡೆಯುವುದೇ ಬೇರೆ. ಅಲ್ಲಿ ಅಮೋನಿಯಾದ ಬಹುಭಾಗ ಅಮೋನಿಯಂ ಅಯಾನಿನ ರೂಪದಲ್ಲಿ ತೇವದಲ್ಲಿ ಕರಗಿ ಕುಳಿತಿರುತ್ತದೆ. ಆ ರೂಪದಲ್ಲಿ ಅದು ಆವಿಯಾಗಲಾರದು, ಮೂಗಿಗೂ ಮುಟ್ಟಲಾರದು. ಹುಳಿ-ಕ್ಷಾರಗಳನ್ನು ಅಳೆಯುವ ಪಿಎಚ್ (ಏಳಕ್ಕಿಂತ ಮೇಲೆ ಹೋದಷ್ಟೂ ಕ್ಷಾರ ಹೆಚ್ಚು) 9.25ರ ಆಸುಪಾಸಿಗೆ ಬಂದಾಗ ಅದರಲ್ಲಿ ಅರ್ಧದಷ್ಟು ಅಮೋನಿಯಾ ಆಗಿ ಬದಲಾಗಿರುತ್ತದೆ, ಅದಕ್ಕೂ ಮೇಲೆ ಹೋದಂತೆ ಹೆಚ್ಚೆಚ್ಚು ಗಾಳಿಗೆ ಹಾರುತ್ತದೆ. ಕಟ್ಟಿಗೆಯ ಬೂದಿ ಒದ್ದೆಯಾದರೆ ಪಿಎಚ್ ಹತ್ತನ್ನು ಸುಲಭವಾಗಿ ದಾಟುತ್ತದೆ. ಅಂದರೆ ಅಡಗಿ ಕುಳಿತಿದ್ದ ವಾಸನೆಯನ್ನು ನಾವೇ ಬಾಗಿಲು ತೆರೆದು ಹೊರಗೆ ಕರೆದಂತೆ.

ನಂಬಿಕೆ ಬಾರದಿದ್ದರೆ ಎರಡು ತೆಂಗಿನ ಗರಟೆ ತೆಗೆದುಕೊಳ್ಳಿ. ಟ್ರೇಯಲ್ಲಿರುವ ಎರಡು ದಿನ ಹಳೆಯ ಒದ್ದೆ ಹೊಟ್ಟನ್ನು ಎರಡಕ್ಕೂ ಸಮನಾಗಿ ಹಾಕಿ, ಒಂದಕ್ಕೆ ಮಾತ್ರ ಒಂದು ಚಮಚ ಬೂದಿ ಕಲಸಿ, ಎರಡನ್ನೂ ತಟ್ಟೆಯಿಂದ ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ತಟ್ಟೆ ತೆಗೆದು ನೋಡಿ, ಆದರೆ ಮುಖವನ್ನು ಬಗ್ಗಿಸಿ ಮೂಸಬೇಡಿ, ಕೈಯಿಂದ ಗಾಳಿ ಬೀಸಿಕೊಳ್ಳಿ.

ಇನ್ನೊಂದು ಮಾತು. ಒದ್ದೆ ಬೂದಿಯ ಕ್ಷಾರ ಪಂಜದ ಚರ್ಮಕ್ಕೆ ಒಳ್ಳೆಯದಲ್ಲ, ಬೆಕ್ಕು ಆ ಪಂಜವನ್ನೇ ನೆಕ್ಕುತ್ತದೆ. ಅಡುಗೆ ಸೋಡಾ ಇಷ್ಟು ತೀಕ್ಷ್ಣವಲ್ಲ, ಅದರ ಪಿಎಚ್ ಸುಮಾರು 8.3, ಹೊಸ ಲಿಟರಿನ ತಳಕ್ಕೆ ಒಂದೆರಡು ಚಮಚ ಉದುರಿಸಿದರೆ ಹುಳಿ ಜಾತಿಯ ವಾಸನೆಗಳನ್ನು ಸ್ವಲ್ಪ ತಗ್ಗಿಸುತ್ತದೆ. ಅಮೋನಿಯಾದ ಮೇಲೆ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ಹಾಗೆಯೇ, ಟ್ರೇ ತೊಳೆಯಲು ಬ್ಲೀಚಿಂಗ್ ದ್ರಾವಣವನ್ನು ಯಾರೂ ಬಳಸಬಾರದು. ಮೂತ್ರದ ಅಮೋನಿಯಾ ಮತ್ತು ಬ್ಲೀಚ್ ಸೇರಿದರೆ ಕ್ಲೋರಮೀನ್ ಎಂಬ ವಿಷಾನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಆಟದ ಮಾತಲ್ಲ.

ಅಂದಹಾಗೆ, ಲಿಟರಿನ ಕಥೆಯೇ ಬೂದಿಯಿಂದ ಶುರುವಾದದ್ದು. ಅಮೆರಿಕದ ಮಿಷಿಗನ್‌ನಲ್ಲಿ 1947ರ ಚಳಿಗಾಲದಲ್ಲಿ ನೆರೆಮನೆಯವರೊಬ್ಬರು ಎಡ್ವರ್ಡ್ ಲೋವ್ ಎಂಬವರ ಬಳಿ ಬೆಕ್ಕಿಗಾಗಿ ಮರಳು ಕೇಳಲು ಬಂದರಂತೆ. ಅವರು ಬಳಸುತ್ತಿದ್ದ ಬೂದಿಯನ್ನು ಬೆಕ್ಕು ಮನೆಯೆಲ್ಲ ಹೆಜ್ಜೆಯಚ್ಚು ಮಾಡಿ ಹರಡುತ್ತಿತ್ತು. ಲೋವ್ ಮರಳಿನ ಬದಲು ಎಣ್ಣೆ ಹೀರಲು ಕಾರ್ಖಾನೆಗಳಿಗೆ ಮಾರುತ್ತಿದ್ದ ಜೇಡಿಯ ಹರಳನ್ನು ಕೊಟ್ಟರು. ಅದು ಫುಲ್ಲರ್ಸ್ ಅರ್ತ್, ನಾವು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಬಳಗದ್ದು.


ನಿವೃತ್ತ ಪಶುವೈದ್ಯ, ಹಾಸನ
ಜೂನ್ 18

ಲಿಟರಿನ ಚರ್ಚೆ ಸೊಗಸಾಗಿ ನಡೆದಿದೆ, ಆದರೆ ಯಾರೂ ಬೆಕ್ಕಿನ ವಯಸ್ಸನ್ನು ಗಮನಿಸಿದಂತಿಲ್ಲ. ತಾಯಿ, ನಿಮ್ಮ ಕೆಂಚನಿಗೆ ಹತ್ತು ತಿಂಗಳು. ಬೀಜ ಒಡೆಸಿದ ವಿಷಯವನ್ನು ನೀವು ಬರೆದಿಲ್ಲ, ಆದ್ದರಿಂದ ಒಡೆಸಿಲ್ಲವೆಂದೇ ಭಾವಿಸುತ್ತೇನೆ. ಪ್ರಾಯಕ್ಕೆ ಬಂದ ಗಂಡುಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲ ಹೆಚ್ಚಾಗಿರುತ್ತದೆ. ಅದು ಒಡೆದಾಗ ಹೊರಡುವ ಗಂಧಕದ ಸಂಯುಕ್ತಗಳೇ "ಗಂಡುಬೆಕ್ಕಿನ ನಾತ" ಎಂದು ಎಲ್ಲರೂ ಗುರುತಿಸುವ ವಾಸನೆ. ಅಮೋನಿಯಾ ಬೇರೆ, ಇದು ಬೇರೆ. ಮೇಷ್ಟ್ರು ಹೇಳಿದ ಯಾವ ಉಪಾಯವೂ ಇದಕ್ಕೆ ಪೂರ್ತಿಯಾಗಿ ನಾಟುವುದಿಲ್ಲ. ಈ ಫೆಲಿನೈನ್ ಗಂಡು ಹಾರ್ಮೋನಿಗೆ ಕಟ್ಟುಬಿದ್ದದ್ದು. ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತದೆ, ಗಡಿ ಗುರುತಿಗಾಗಿ ಅಲ್ಲಲ್ಲಿ ಮೂತ್ರ ಸಿಂಪಡಿಸುವ ಚಾಳಿಯೂ ಬಹುಪಾಲು ಬೆಕ್ಕುಗಳಲ್ಲಿ ನಿಲ್ಲುತ್ತದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವಾಗ ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಅದಕ್ಕೂ ಮೊದಲು ಒಂದನ್ನು ಗಮನಿಸಿ. ಜಮಖಾನೆಯ ಮೇಲೆ ಮಾಡುವಾಗ ಕೆಂಚ ಕುಕ್ಕರಗಾಲಿನಲ್ಲಿ ಕೂರುತ್ತಾನೆಯೋ, ನಿಂತು ಬಾಲವೆತ್ತಿ ಹಿಂದಕ್ಕೆ ಸಿಂಪಡಿಸುತ್ತಾನೆಯೋ? ನಿಂತು ಸಿಂಪಡಿಸಿದರೆ ಅದು ಗಡಿ ಗುರುತು. ಕೂತು ಧಾರಾಳವಾಗಿ ಮಾಡಿದರೆ ಡಬ್ಬದ ಮೇಲಿನ ಮುನಿಸು. ಮತ್ತೆ ಮತ್ತೆ ಕೂತು, ತಿಣುಕಿ, ಕೂಗಿ, ಹನಿ ಹನಿಯಾಗಿ ಮಾತ್ರ ಬಂದರೆ ಅಥವಾ ಏನೂ ಬಾರದಿದ್ದರೆ ಅದು ಲಿಟರಿನ ಪ್ರಶ್ನೆಯೇ ಅಲ್ಲ. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು; ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣಕ್ಕೇ ಬರುತ್ತದೆ. ಆಗ ಈ ಪುಟವನ್ನು ಓದುತ್ತಾ ಕೂರದೆ, ರಾತ್ರಿಯಾದರೂ ಸರಿ, ವೈದ್ಯರ ಬಳಿ ಓಡಬೇಕು.

ಫಿನಾಯಿಲನ್ನು ಇವತ್ತೇ ಬಿಡಿ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕಲು ಬೇಕಾದ ಕಿಣ್ವದ ಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ನಾಯಿಮನೆಗೆ ನಡೆದದ್ದು ಬೆಕ್ಕಿಗೆ ನಡೆಯುವುದಿಲ್ಲ. ಕರಿ ಫಿನಾಯಿಲ್ ಎಲ್ಲಕ್ಕಿಂತ ಕೆಟ್ಟದ್ದು. ಪೈನ್ ಎಣ್ಣೆಯ ಬಿಳಿ ಫಿನಾಯಿಲೂ ಒಳ್ಳೆಯದಲ್ಲ. ಬಿಸಿನೀರು, ಪರಿಮಳವಿಲ್ಲದ ಪಾತ್ರೆ ಸೋಪು, ಆಮೇಲೆ ಬಿಸಿಲು. ಬಿಸಿಲಿಲ್ಲದಿದ್ದರೆ ಒಣಬಟ್ಟೆಯಿಂದ ಒರೆಸಿ ಫ್ಯಾನಿನ ಕೆಳಗಿಡಿ. ಒದ್ದೆ ಟ್ರೇಗೆ ಲಿಟರ್ ಸುರಿದರೆ ತಳದಲ್ಲಿ ಮೊದಲ ದಿನವೇ ಗಾರೆ ಹಾಕಿದಂತಾಗುತ್ತದೆ.


ಹೇಮಾವತಿ ದಡ, ಹಾಸನ
ಜೂನ್ 18

ಡಾಕ್ಟರ್ ಸರ್, ನಿಮ್ಮ ಊಹೆ ಸರಿ, ಇನ್ನೂ ಮಾಡಿಸಿಲ್ಲ. ಅವನು ಕೂತೇ ಮಾಡುತ್ತಾನೆ, ತಿಣುಕುವುದಿಲ್ಲ. ಆದರೆ ಬಾಗಿಲ ಪಕ್ಕದ ಗೋಡೆಯ ಮೇಲೆ ಹಳದಿ ಕಲೆಯೊಂದನ್ನು ನಿಮ್ಮ ಮಾತು ಓದಿದ ಮೇಲೆ ಕಂಡುಕೊಂಡೆ. ಈ ವಾರವೇ ತೋರಿಸುತ್ತೇನೆ. ಫಿನಾಯಿಲ್ ಬಾಟಲಿಯನ್ನು ಕೆಳಗಿನ ಮನೆಯವರಿಗೆ ಕೊಟ್ಟೆ.

ತೋಫು ಲಿಟರ್ ಎಂಬುದೊಂದನ್ನು ಅಂಗಡಿಯವರು ಬಹಳ ಹೊಗಳುತ್ತಾರೆ. ಕಮೋಡಿಗೆ ಸುರಿದು ನೀರು ಬಿಟ್ಟರೆ ಆಯಿತಂತೆ. ಮಲೆನಾಡಿನ ಕಡೆ ಯಾರಾದರೂ ಬಳಸಿದ್ದೀರಾ?


ತುಂಗೆ ತೀರ, ಕೊಪ್ಪ
ಜೂನ್ 19

ಬಳಸಿದ್ದೇನೆ, ಪಶ್ಚಾತ್ತಾಪವನ್ನೂ ಪಟ್ಟಿದ್ದೇನೆ. ತೋಫು ಲಿಟರ್ ಎಂದರೆ ಸೋಯಾ ಹಾಲು ಹಿಂಡಿದ ಮೇಲೆ ಉಳಿಯುವ ಚರಟವನ್ನು ಪಿಷ್ಟದೊಂದಿಗೆ ಸೇರಿಸಿ ಸಣ್ಣ ಕಡ್ಡಿಗಳಾಗಿ ಒತ್ತಿದ್ದು. ಧೂಳು ಇಲ್ಲವೇ ಇಲ್ಲ, ಹಗುರ, ಪಂಜಕ್ಕೆ ಅಂಟಿ ಮನೆಯೆಲ್ಲ ಹರಡುವುದೂ ಕಡಿಮೆ. ಫೆಬ್ರವರಿಯಿಂದ ಮೇ ತನಕ ನನಗೆ ಅದರ ಮೇಲೆ ಒಂದು ದೂರೂ ಇರಲಿಲ್ಲ. ಆದರೆ ಅದು ಮೂಲತಃ ಆಹಾರಪದಾರ್ಥ ಎಂಬುದು ಆಷಾಢದಲ್ಲಿ ನೆನಪಾಗುತ್ತದೆ. ಅರ್ಧ ಖಾಲಿಯಾದ ಚೀಲವನ್ನು ರಬ್ಬರ್ ಬ್ಯಾಂಡ್ ಹಾಕಿ ಅಟ್ಟದ ಮೇಲಿಟ್ಟಿದ್ದೆ. ಹದಿನೈದು ದಿನಗಳ ಮೇಲೆ ತೆರೆದರೆ ಕಡ್ಡಿಗಳ ಮೇಲೆ ಹಳೆಯ ಉಪ್ಪಿನಕಾಯಿಯ ಬೂಷ್ಟಿನಂತಹ ಬಿಳಿ ತುಪ್ಪಳ, ನಡುವೆ ಸಣ್ಣ ಹುಳು. ಮಳೆಗಾಲದಲ್ಲಿ ಬಳಸಲೇಬೇಕೆಂದರೆ ಚಿಕ್ಕ ಪೊಟ್ಟಣಗಳನ್ನೇ ತಂದು, ಹಪ್ಪಳ ಸಂಡಿಗೆ ಇಡುವ ಹಾಗೆ ಬಿಗಿ ಮುಚ್ಚಳದ ಡಬ್ಬಕ್ಕೆ ತುಂಬಿ, ಟ್ರೇಯಲ್ಲಿರುವುದನ್ನು ಹತ್ತು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು.

ಕಮೋಡಿಗೆ ಸುರಿಯುವ ವಿಚಾರವನ್ನು ಬಿಟ್ಟುಬಿಡಿ. ನಮ್ಮ ಕಡೆ ಬಹುತೇಕ ಮನೆಗಳಿಗೆ ಇರುವುದು ಗುಂಡಿ ಅಥವಾ ಸೆಪ್ಟಿಕ್ ಟ್ಯಾಂಕ್. ಉಬ್ಬುವ ಪದಾರ್ಥವನ್ನು ದಿನವೂ ಅದಕ್ಕೆ ತುಂಬಿಸಿದರೆ ಗುಂಡಿ ಬೇಗ ತುಂಬುತ್ತದೆ. ನಿಮ್ಮದು ಎರಡನೆಯ ಮಹಡಿ. ಪೈಪು ಕಟ್ಟಿಕೊಂಡರೆ ಮಾಲೀಕರ ಮುಂದಿನ ಪ್ರಶ್ನೆ ಇದಕ್ಕಿಂತ ಖಾರವಾಗಿರುತ್ತದೆ. ಬೆಂಟೊನೈಟ್ ಅಂತೂ ಪೈಪಿನೊಳಗೆ ಕಲ್ಲಾಗುತ್ತದೆ.

ಸಿಲಿಕಾ ಹರಳನ್ನೂ ಒಂದು ತಿಂಗಳು ನೋಡಿದೆ. ಔಷಧಿ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣದೊಳಗಿನ ಪದಾರ್ಥವೇ ಅದು; ಕೊಪ್ಪದ ಜುಲೈ ಗಾಳಿಯಲ್ಲಿ ಬೆಕ್ಕಿನ ಮೂತ್ರಕ್ಕಿಂತ ಮುಂಚೆ ಗಾಳಿಯ ತೇವವನ್ನೇ ಕುಡಿದು ಸುಸ್ತಾಯಿತು.


ಕಲ್ಪತರು ನೆರಳು, ಅರಸೀಕೆರೆ
ಜೂನ್ 19

ನಮ್ಮಲ್ಲಿ ನಿಮ್ಮಷ್ಟು ಮಳೆಯಿಲ್ಲ, ತೆಂಗು ಮಾತ್ರ ಬೇಕಾದಷ್ಟಿದೆ. ತೆಂಗಿನ ನಾರು ಬಿಡಿಸುವ ಕಡೆ ಉಳಿಯುವ ನಾರಿನ ಪುಡಿಯನ್ನು, ಅಂದರೆ ನರ್ಸರಿಯವರು ಕೊಕೊಪೀಟ್ ಎಂದು ಮಾರುವುದನ್ನು, ಎರಡು ವರ್ಷಗಳಿಂದ ಲಿಟರಾಗಿ ಬಳಸುತ್ತಿದ್ದೇನೆ. ಚೆನ್ನಾಗಿ ಬಿಸಿಲಿಗೆ ಹಾಕಿ ಒಣಗಿಸಿ, ದಪ್ಪ ಜರಡಿಯಲ್ಲಿ ಧೂಳು ತೆಗೆದು, ಮೂರು ಅಂಗುಲ ಹಾಕುತ್ತೇನೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುತ್ತದೆ, ಸ್ವಭಾವತಃ ತುಸು ಹುಳಿಯಾದ್ದರಿಂದ ಮೇಷ್ಟ್ರು ಹೇಳಿದ ಲೆಕ್ಕದಲ್ಲಿಯೂ ಪಾಸಾಗುತ್ತದೆ ಎಂದುಕೊಂಡಿದ್ದೇನೆ. ನಮ್ಮ ಬೆಕ್ಕು ಹಿತ್ತಿಲಿನ ಮಣ್ಣೆಂದೇ ತಿಳಿದು ಮೊದಲ ದಿನವೇ ಒಪ್ಪಿಕೊಂಡಿತು.

ತೊಂದರೆಗಳನ್ನೂ ಹೇಳಬೇಕು. ಉಂಡೆಗಟ್ಟುವುದಿಲ್ಲ, ಒದ್ದೆಯಾದ ಕಡೆ ಬಣ್ಣ ಕಪ್ಪಾಗುವುದನ್ನು ನೋಡಿಕೊಂಡು ಸುತ್ತಲಿನ ಒಂದು ಹಿಡಿ ಹೆಚ್ಚೇ ಎತ್ತಬೇಕು. ಐದಾರು ದಿನಕ್ಕೆ ಎಲ್ಲವನ್ನೂ ಬದಲಿಸಬೇಕು. ಬಿಳಿ ಬೆಕ್ಕಾದರೆ ಪಂಜ ಕಂದಾಗುತ್ತದೆ. ಮಳೆಗಾಲದ ಹಾಸನದಲ್ಲಿ ಒಣಗಿಸಲು ಜಾಗವಿಲ್ಲದವರಿಗೆ ನಾನು ಇದನ್ನು ಹೇಳಲಾರೆ.


ಅರೇಬಿಕಾ ಸಾಲು, ಮೂಡಿಗೆರೆ
ಜೂನ್ 20

ಫಿಲ್ಟರಿನಿಂದ ತೆಗೆದ ಕಾಫಿ ಚರಟವನ್ನು ಒಣಗಿಸಿ ಟ್ರೇಗೆ ಬೆರೆಸಿದರೆ ವಾಸನೆ ಹೋಗುತ್ತದೆಂದು ನಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದರು. ಕಾಫಿ ಹಣ್ಣನ್ನು ಸುಲಿಯುವ ಪಲ್ಪಿಂಗ್ ಆದ ಮೇಲಿನ ಸಿಪ್ಪೆಯೂ ನಮ್ಮಲ್ಲಿ ರಾಶಿ ಬಿದ್ದಿರುತ್ತದೆ. ಹಾಕಬಹುದೇ?


ನಿವೃತ್ತ ಪಶುವೈದ್ಯ, ಹಾಸನ
ಜೂನ್ 20

ಖಂಡಿತ ಬೇಡ. ಚರಟದಲ್ಲಿಯೂ ಸಿಪ್ಪೆಯಲ್ಲಿಯೂ ಕೆಫೀನ್ ಇರುತ್ತದೆ, ಕೆಫೀನ್ ಬೆಕ್ಕಿಗೆ ವಿಷ. ಅದು ಲಿಟರನ್ನು ತಿನ್ನದಿರಬಹುದು, ಆದರೆ ಟ್ರೇಯಿಂದ ಇಳಿದು ಮೊದಲು ಮಾಡುವ ಕೆಲಸವೇ ಪಂಜ ನೆಕ್ಕುವುದು. ಬಟ್ಟಲಿನಲ್ಲಿ ಚರಟ ಹಾಕಿ ಬೆಕ್ಕಿಗೆ ಎಟುಕದ ವೆಂಟಿಲೇಟರಿನ ಮೇಲಿಡುವುದಾದರೆ ನನ್ನ ತಕರಾರಿಲ್ಲ. ಇದೇ ಕಾರಣಕ್ಕೆ ನಾಲ್ಕು ತಿಂಗಳೊಳಗಿನ ಮರಿಗಳಿಗೆ ಉಂಡೆಗಟ್ಟುವ ಜೇಡಿಯನ್ನೂ ಹಾಕಬಾರದು. ಮರಿಗಳು ಎಲ್ಲವನ್ನೂ ಬಾಯಿಗೆ ಹಾಕಿ ನೋಡುತ್ತವೆ, ಟ್ರೇಯಲ್ಲಿ ಉಬ್ಬುವುದು ಹೊಟ್ಟೆಯಲ್ಲಿಯೂ ಉಬ್ಬುತ್ತದೆ.


ತುಂಗೆ ತೀರ, ಕೊಪ್ಪ
ಜೂನ್ 22

ಡಾಕ್ಟರೇ, ವಿಷಯಕ್ಕೆ ಹೊಂದಿದ ಇನ್ನೊಂದು ಪ್ರಶ್ನೆ. ನನ್ನ ತಂಗಿ ಬಸುರಿ, ಬಾಣಂತನಕ್ಕೆ ನಮ್ಮ ಮನೆಗೇ ಬರುತ್ತಾಳೆ. ಬೆಕ್ಕನ್ನು ಬೇರೆಯವರಿಗೆ ಕೊಟ್ಟುಬಿಡಿ ಎಂದು ಅವಳ ಅತ್ತೆಯವರು ಒತ್ತಾಯಿಸುತ್ತಿದ್ದಾರೆ.


ನಿವೃತ್ತ ಪಶುವೈದ್ಯ, ಹಾಸನ
ಜೂನ್ 22

ಬೆಕ್ಕನ್ನು ಕೊಡಬೇಕಾಗಿಲ್ಲ, ಸ್ಕೂಪನ್ನು ಬೇರೆಯವರ ಕೈಗೆ ಕೊಟ್ಟರೆ ಸಾಕು. ಅವರ ಅತ್ತೆಯವರು ಹೆದರುವುದು ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಗೆ. ಹೆದರಿಕೆ ಸುಳ್ಳಲ್ಲ, ಅಳತೆ ಮಾತ್ರ ತಪ್ಪಿದೆ. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ, ಒಂದರಿಂದ ಮೂರು ವಾರಗಳ ಕಾಲ ಮಾತ್ರ ಅದರ ಮೊಟ್ಟೆಯಂತಹ ಕೋಶಗಳನ್ನು ಮಲದಲ್ಲಿ ಹೊರಹಾಕುತ್ತದೆ. ಆ ಕೋಶಗಳು ಸೋಂಕು ಹರಡುವ ಸ್ಥಿತಿಗೆ ಬರಲು ಹೊರಬಿದ್ದ ಮೇಲೆ ಒಂದರಿಂದ ಐದು ದಿನ ಬೇಕು. ಟ್ರೇಯನ್ನು ದಿನವೂ ತೆಗೆಯುವ ಮನೆಯಲ್ಲಿ ಅವುಗಳಿಗೆ ಆ ಬಿಡುವೇ ಸಿಗುವುದಿಲ್ಲ. ತಂಗಿಯವರು ಟ್ರೇ ಮುಟ್ಟದಿರಲಿ, ಹಿತ್ತಿಲಿನ ಮಣ್ಣಿನಲ್ಲಿ ಬರಿಗೈಯಿಂದ ಕೆಲಸ ಮಾಡದಿರಲಿ, ಅರೆಬೆಂದ ಮಾಂಸ ತಿನ್ನದಿರಲಿ, ಸೊಪ್ಪು ತರಕಾರಿ ತೊಳೆದೇ ತಿನ್ನಲಿ. ಅವರನ್ನು ನೋಡುತ್ತಿರುವ ವೈದ್ಯರಿಗೂ ಮನೆಯಲ್ಲಿ ಬೆಕ್ಕಿರುವ ವಿಷಯ ತಿಳಿಸಿರಿ.

ತೋಟವುಳ್ಳವರಿಗೂ ಇದೇ ಕಾರಣಕ್ಕೆ ಒಂದು ಮಾತು: ಬೆಕ್ಕಿನ ಹೊಟ್ಟು, ನಾರಿನ ಪುಡಿಗಳನ್ನು ತರಕಾರಿ ಮಡಿಯ ಗೊಬ್ಬರದ ಗುಂಡಿಗೆ ಹಾಕಬೇಡಿ. ತೇವವಿರುವ ಮಣ್ಣಿನಲ್ಲಿ ಆ ಕೋಶಗಳು ವರ್ಷಕ್ಕೂ ಹೆಚ್ಚು ಕಾಲ ಬದುಕುತ್ತವೆ. ಬಾವಿಯಿಂದ ದೂರ, ಬೇರೆಯೇ ಒಂದು ಗುಂಡಿ ತೋಡಿ ಮುಚ್ಚಿ. ಪೇಟೆಯವರು ಕಾಗದದಲ್ಲಿ ಸುತ್ತಿ, ಹಸಿ ಕಸಕ್ಕೆ ಬೆರೆಸದೆ, ಏನೆಂದು ಹೇಳಿ ಕಸದ ಗಾಡಿಗೆ ಕೊಡಿ. ಕೈಯಿಂದ ವಿಂಗಡಿಸುವವರೂ ಮನುಷ್ಯರೇ.


ಹೇಮಾವತಿ ದಡ, ಹಾಸನ
ಆಗಸ್ಟ್ 9

ಉತ್ತರಿಸಿದ ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಜೂನ್ ಕೊನೆಯಲ್ಲಿ ಕೆಂಚನಿಗೆ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಒಂದು ದಿನ ಮುನಿಸಿಕೊಂಡಿದ್ದು, ಮರುದಿನ ಎಂದಿನಂತೆ ಊಟಕ್ಕೆ ಬಂದ. ಗೋಡೆಯ ಮೇಲಿನ ಕಲೆ ಆಮೇಲೆ ಹೊಸದಾಗಿ ಬಿದ್ದಿಲ್ಲ. ಗಂಡುಬೆಕ್ಕಿನ ಆ ಗಂಧಕದ ನಾತ ಒಮ್ಮೆಗೇ ಹೋಗಲಿಲ್ಲ. ನಾಲ್ಕನೆಯ ವಾರದಲ್ಲಿ ಒಂದು ಬೆಳಿಗ್ಗೆ ಉಂಡೆ ಎತ್ತುವಾಗ, ಅದು ಇಲ್ಲವೆಂಬುದು ತಟ್ಟನೆ ಹೊಳೆಯಿತು.

ಮುಚ್ಚಳದ ಡಬ್ಬವನ್ನು ಹಳೆಯ ಪೇಪರ್ ತುಂಬಲು ಇಟ್ಟುಕೊಂಡಿದ್ದೇನೆ. ಅಗಲವಾದ ಎರಡು ಬಾಂಡ್ಲಿ ತಂದು ಒಂದನ್ನು ಬಚ್ಚಲಿನಲ್ಲಿ, ಇನ್ನೊಂದನ್ನು ಬಾಲ್ಕನಿಯ ಸಜ್ಜೆಯ ಕೆಳಗೆ ಇಟ್ಟಿದ್ದೇವೆ. ಪರಿಮಳವಿಲ್ಲದ, ಉಂಡೆಗಟ್ಟುವ ಬೆಂಟೊನೈಟನ್ನೇ ಆರಿಸಿದೆ. ಹಳೆಯ ಜೇಡಿಯ ಮೇಲೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾ ಒಂದು ವಾರದಲ್ಲಿ ಬದಲಿಸಿದ್ದರಿಂದ ಅವನು ಹೆದರಲಿಲ್ಲ. ಮೊದಲು ತಂದ ಚೀಲ ಮೊಣಕಾಲಿನ ಪರೀಕ್ಷೆಯಲ್ಲಿ ಪುಡಿಪುಡಿಯಾಯಿತು. ಚೀಲದ ಹೊಲಿಗೆಯ ಬಳಿ ತೂತಿದ್ದು, ಒಳಗಿನ ಮಾಲು ಆಗಲೇ ಥಂಡಿ ಹಿಡಿದಿತ್ತು; ಅಂಗಡಿಯವರು ಬದಲಿಸಿ ಕೊಡಲು ಒಪ್ಪಲಿಲ್ಲ. ಈಗ ಚೀಲವನ್ನು ಕೊಳ್ಳುವ ಮುನ್ನ ಅಲುಗಿಸಿ, ಒಳಗೆ ಮರಳು ಸರಸರನೆ ಜಾರುವ ಸದ್ದು ಬಂದರೆ ಮಾತ್ರ ತರುತ್ತೇನೆ.

ದೂರು ಇಲ್ಲವೆಂದಲ್ಲ. ಸುರಿಯುವಾಗ ಏಳುವ ಧೂಳಿಗೆ ನಮ್ಮ ಯಜಮಾನರು ಸೀನುತ್ತಾರೆ, ಆದ್ದರಿಂದ ಬಾಲ್ಕನಿಯಲ್ಲಿ, ಚೀಲದ ಬಾಯಿಯನ್ನು ಬಾಂಡ್ಲಿಯ ತಳಕ್ಕೇ ತಾಗಿಸಿ ನಿಧಾನವಾಗಿ ಸುರಿಯುತ್ತೇವೆ. ಕಾಲಿಗಂಟಿದ ಹರಳು ಹಾಸಿಗೆಯವರೆಗೆ ಬರುತ್ತಿತ್ತು; ಬಾಂಡ್ಲಿಯ ಮುಂದೆ ತೆಂಗಿನ ನಾರಿನ ಕಾಲೊರೆಸು ಹಾಕಿದ ಮೇಲೆ ಅರ್ಧದಷ್ಟು ಅಲ್ಲೇ ಉಳಿಯುತ್ತದೆ. ಖರ್ಚು ಮೊದಲಿಗಿಂತ ಹೆಚ್ಚಾಗಬಹುದೆಂದುಕೊಂಡಿದ್ದೆ. ವಾರವಾರ ಎಲ್ಲವನ್ನೂ ಚೆಲ್ಲುವುದು ತಪ್ಪಿದ್ದರಿಂದ ಹೆಚ್ಚುಕಡಿಮೆ ಅಷ್ಟೇ ಆಗುತ್ತಿದೆ.

ಜಮಖಾನೆಯನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಕಿಣ್ವವಿರುವ ದ್ರಾವಣವನ್ನು ಸುರಿದು, ಒದ್ದೆಬಟ್ಟೆ ಹೊದಿಸಿ ಒಂದು ರಾತ್ರಿ ಬಿಟ್ಟೆ. ನೆಲದ ಮೇಲಿನ ಮತ್ತು ಗೋಡೆಯ ವಾಸನೆ ಅದರಿಂದಲೇ ಹೋಯಿತು. ಆದರೆ ಜಮಖಾನೆಯ ದಪ್ಪ ಹತ್ತಿಯೊಳಗೆ ಇಳಿದದ್ದು ಮಳೆಯ ಗಾಳಿ ಬೀಸಿದಾಗಲೆಲ್ಲ ಏಳುತ್ತಿತ್ತು, ಕೆಂಚನೂ ಅದೇ ಮೂಲೆಯನ್ನು ಹುಡುಕಿಕೊಂಡು ಹೋಗಿ ಮೂಸುತ್ತಿದ್ದ. ಅಮ್ಮ ಮದುವೆಯಲ್ಲಿ ಕೊಟ್ಟ ಜಮಖಾನೆ; ಆಲೂರಿಗೆ ಹೋಗುವಾಗ ಸುತ್ತಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ಹಾಕಿ ಬಂದೆ. ಅದರ ಮೇಲೆ ಈಗ ಕೆಂಚನ ತಾಯಿ ಮಲಗುತ್ತದೆ.


ಮುಳ್ಳಯ್ಯನ ನೆರಳು, ಚಿಕ್ಕಮಗಳೂರು
ಆಗಸ್ಟ್ 9

ಓದಿ ಸಂತೋಷವಾಯಿತು. ಬಾಂಡ್ಲಿಗಳ ತಳವನ್ನು ಆಗಾಗ ಬೆರಳಿನಿಂದ ಸವರಿ ನೋಡುತ್ತಿರಿ. ಉಗುರಿನ ಗೀರುಗಳು ಆಳವಾದ ಮೇಲೆ ಎಷ್ಟು ತೊಳೆದರೂ ವಾಸನೆ ಅದರೊಳಗೇ ಕೂರುತ್ತದೆ. ನಾನು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಹಳೆಯದಕ್ಕೆ ತೂತು ಕೊರೆದು ದಾಸವಾಳ ನೆಡುತ್ತೇನೆ.


ಬಿಸಿಲೆ ಕಾಡಂಚು, ಸಕಲೇಶಪುರ
ಆಗಸ್ಟ್ 10

ಮೇಷ್ಟ್ರು ಹೇಳಿದ ಗರಟೆಯ ಪರೀಕ್ಷೆಯನ್ನು ಎರಡು ತಿಂಗಳು ಮುಂದೂಡಿ, ನಿನ್ನೆ ಜೋರು ಮಳೆಯಲ್ಲಿ ಬೇರೆ ಕೆಲಸವಿಲ್ಲದೆ ಮಾಡಿದೆ. ಯಾವುದರಲ್ಲಿ ಬೂದಿ ಇದೆಯೆಂದು ಹೇಳದೆ ನನ್ನ ಹೆಂಡತಿಯನ್ನು ಕರೆದೆ. ಮೊದಲನೆಯ ಗರಟೆಯ ತಟ್ಟೆ ತೆಗೆದು, "ಬೆಕ್ಕಿನದು" ಎಂದಳು. ಎರಡನೆಯದರ ತಟ್ಟೆಯನ್ನು ಪೂರ್ತಿ ತೆಗೆಯಲೂ ಇಲ್ಲ. ಹಾಗೆಯೇ ಮುಚ್ಚಿ, ಸೆರಗಿನಿಂದ ಮೂಗು ಹಿಡಿದುಕೊಂಡು, ಎರಡನ್ನೂ ಜಗಲಿಯಿಂದಾಚೆ ಇಡಲು ಹೇಳಿ ಒಳಗೆ ಹೋದಳು. ಹೊಟ್ಟನ್ನು ಮುಂದುವರಿಸುತ್ತೇವೆ, ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಪೂರ್ತಿ ಬದಲಿಸುತ್ತೇವೆ. ಬೂದಿ ಇನ್ನು ಮುಂದೆ ಪಾತ್ರೆ ಉಜ್ಜಲು ಮಾತ್ರ.